ಸೊಸೆಯ ಕಣ್ಣು, ನನ್ನ ಹಠ

ಇದು ಮೂರು ವರ್ಷದ ಹಿಂದಿನ ಕಾಫಿ ಕುಯ್ಲಿನ ಸಮಯದಲ್ಲಿ ನಡೆದದ್ದು. ನನ್ನ ಸೊಸೆ ಚೈತ್ರಳಿಗೆ ಆಗ ನಾಲ್ಕೂವರೆ ತಿಂಗಳು. ಬಾಳೂರಿನ ಹತ್ತಿರ ನಮ್ಮದು ಏಳು ಎಕರೆ ಅರೇಬಿಕಾ ತೋಟ. ದೊಡ್ಡ ಎಸ್ಟೇಟಿನವರ ಹಾಗೆ ನಮಗೆ ಲೆಕ್ಕ ಬರೆಯುವ ರೈಟರು, ಆಳು ನೋಡಿಕೊಳ್ಳುವ ಮೇಸ್ತ್ರಿ ಯಾರೂ ಇಲ್ಲ. ರೈಟರೂ ನಾನೇ, ಮೇಸ್ತ್ರಿಯೂ ನಾನೇ. ಅದಕ್ಕೆ ತಕ್ಕಂತೆ ಬಾಯಿಯೂ ಸ್ವಲ್ಪ ಜೋರು. ನಾನು ತೋಟದ ಈ ತುದಿಯಲ್ಲಿ ಮಾತಾಡಿದರೆ ಆ ತುದಿಯಲ್ಲಿ ಕುಯ್ಯುವವರ ಕೈ ಚುರುಕಾಗುತ್ತದೆ ಎಂದು ನಮ್ಮ ಯಜಮಾನರು ಈಗಲೂ ಹೇಳಿ ನಗುತ್ತಾರೆ.

ಕುಯ್ದ ಹಣ್ಣನ್ನು ನಾವು ಅಂದಂದೇ ಸಂಜೆ ಪಲ್ಪರ್ ಮೆಷಿನ್ನಿಗೆ ಹಾಕಿ ಸಿಪ್ಪೆ ಬಿಡಿಸುತ್ತೇವೆ. ಮೆಷಿನ್ ಇರುವುದು ಅಡುಗೆಮನೆಯ ಹಿಂದೆಯೇ. ಮೂರು ಗಂಟೆ ಹೊತ್ತು ಅದು ಗಡಗಡ ಎಂದು ಓಡಿದರೆ ನಿಲ್ಲಿಸಿದ ಮೇಲೂ ಕಿವಿಯಲ್ಲಿ ಅದೇ ಸದ್ದು. ಕುಯ್ಲು ಮುಗಿಯುವವರೆಗೆ ನಮಗೆಲ್ಲ ಅದು ಅಭ್ಯಾಸವಾದ ವಿಷಯ.

ಆ ಸಲ ಕುಯ್ಲು ಶುರುವಾದ ಎರಡನೇ ವಾರದಲ್ಲಿ ಚೈತ್ರ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ, ಪಲ್ಪರ್ ಯಾಕೆ ಬೆಳಿಗ್ಗೆಯೇ ಹಾಕಿದ್ದಾರೆ ಎಂದು ಕೇಳಿದಳು. ಮೆಷಿನ್ ನಿಂತಿತ್ತು. ನಾನು ನಕ್ಕು, "ನಂಗೂ ಹಂಗೇ ಮಾರಾಯ್ತಿ, ಮೂವತ್ತು ವರ್ಷದಿಂದ" ಎಂದೆ. ಅವಳೂ ನಕ್ಕಳು. ಆ ನಗುವನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ತಲೆನೋವು ಅದಕ್ಕೂ ಮೊದಲೇ ಶುರುವಾಗಿತ್ತು. ಬೆಳಿಗ್ಗೆ ಏಳುವಾಗಲೇ ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು, ಜೊತೆಗೆ ವಾಂತಿ. ಬಸುರಿಗೆ ವಾಂತಿ ಬಾರದೆ ಇನ್ನಾರಿಗೆ ಬರಬೇಕು? ಜೀರಿಗೆ ಕಷಾಯ ಮಾಡಿಕೊಟ್ಟೆ, ಗಂಧ ತೇಯ್ದು ಹಣೆಗೆ ಹಚ್ಚಿದೆ, ಹೋಗಿ ಮಲಗು ಎಂದೆ. ಮಲಗಿದರೆ ಇನ್ನೂ ಜಾಸ್ತಿ ಎಂದಳು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ತಲೆನೋವು ಬಂದವರು ಮಲಗಲು ಹಂಬಲಿಸುತ್ತಾರೆ, ಇವಳದೊಂದು ವಿಚಿತ್ರ ಎಂದುಕೊಂಡೆ. ಬಗ್ಗಿ ಎದ್ದರೆ ಒಂದು ಕ್ಷಣ ಕಣ್ಣು ಕತ್ತಲೆ ಬರುತ್ತದೆ ಎಂದೂ ಹೇಳಿದ್ದಳು. ತಿಂಗಳ ತಪಾಸಣೆಗೆ ಬಂದ ನರ್ಸು ಬಿ.ಪಿ. ನೋಡಿ ಸರಿಯಿದೆ ಎಂದಿದ್ದರು. ರಕ್ತವೂ ಕಡಿಮೆ ಇರಲಿಲ್ಲ. ಬಿ.ಪಿ. ಸರಿ, ರಕ್ತ ಸರಿ, ಇನ್ನೇನು ಬೇಕು? ಕುಯ್ಲಿನ ಕೆಲಸದಿಂದ ತಪ್ಪಿಸಿಕೊಳ್ಳಲು ನೆವ ಇರಬಹುದು ಎಂದು ಒಳಗೊಳಗೇ ಅನ್ನಿಸಿದ್ದನ್ನೂ ಮುಚ್ಚಿಡುವುದಿಲ್ಲ.

ಪಲ್ಪರಿಗೆ ಹಾಕುವ ಮೊದಲು ಹಣ್ಣಿನ ನಡುವೆ ಸೇರಿದ ಹಸಿರು ಕಾಯಿಯನ್ನು ಆರಿಸಿ ತೆಗೆಯಬೇಕು. ಕಾಯಿ ಮೆಷಿನ್ನಿಗೆ ಬಿದ್ದರೆ ಸಿಪ್ಪೆ ಬಿಡದೆ ಬೀಜ ಒಡೆಯುತ್ತದೆ. ಕೂತು ಮಾಡುವ ಕೆಲಸ, ಬಸುರಿಗೆ ಹಗುರ ಎಂದು ಅದನ್ನು ಚೈತ್ರಳಿಗೆ ಬಿಟ್ಟಿದ್ದೆ. ಹೊಗಳಬಾರದು, ಆದರೆ ಆ ಕೆಲಸದಲ್ಲಿ ಅವಳ ಕೈ ನನ್ನ ಕೈಗಿಂತ ಚುರುಕು. ಹಾಗಿರುವಾಗ ಒಂದು ಸಂಜೆ ಅವಳು ಆರಿಸಿಟ್ಟ ಬುಟ್ಟಿಗೆ ಕೈ ಹಾಕಿದರೆ ಕಾಲು ಭಾಗ ಕಾಯಿಯೇ. ನನಗೆ ರೇಗಿ ಹೋಯಿತು. ನಾಲ್ಕು ಜನ ಕೆಲಸದವರ ಎದುರಿಗೇ, "ಏನೇ ಇದು? ಕಣ್ಣು ಕಾಣಲ್ವಾ ನಿಂಗೆ?" ಎಂದೆ.

ಅವಳು ತಲೆ ಎತ್ತದೆ ಮೆಲ್ಲಗೆ, "ಇಲ್ಲ ಅತ್ತೆ, ಸರಿಯಾಗಿ ಕಾಣ್ತಿಲ್ಲ" ಎಂದಳು.

ಬುಟ್ಟಿ ಕೆಳಗಿಟ್ಟೆ. ಪಕ್ಕದಲ್ಲಿ ಕೂತು ಕೇಳಿದೆ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರೆ ಕೆಂಪು ಹಣ್ಣೆಲ್ಲ ಬಣ್ಣ ಹೋದ ಹಾಗೆ ಕಾಣುತ್ತದಂತೆ, ಎರಡೂ ಕಣ್ಣು ತೆರೆದರೆ ಬಣ್ಣ ಒಂದರ ಮೇಲೊಂದು ಕಲಸಿ ಹಣ್ಣು ಯಾವುದು ಕಾಯಿ ಯಾವುದು ಗೊತ್ತಾಗುವುದಿಲ್ಲವಂತೆ. ಎಷ್ಟು ದಿನದಿಂದ ಎಂದೆ. ಎಂಟು ದಿನ ಆಯಿತು ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ. ಅದುವರೆಗೆ ಅವಳು ಹೇಳಿದ್ದನ್ನೆಲ್ಲ ಬಹಳ ಕೇಳಿಸಿಕೊಂಡಿದ್ದೆನಲ್ಲ!

ಮರುದಿನ ಬೆಳಿಗ್ಗೆಯೇ ಮಗ ಪ್ರದೀಪ ನಮ್ಮಿಬ್ಬರನ್ನೂ ಕಾರಿನಲ್ಲಿ ಮೂಡಿಗೆರೆಯ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಇನ್ನೂ ಮೀಸೆ ಸರಿಯಾಗಿ ಬಾರದಂಥ ಹುಡುಗ ಡಾಕ್ಟರು. ಕನ್ನಡಕ ಕೊಟ್ಟು ಕಳಿಸುತ್ತಾನೆ ಎಂದುಕೊಂಡಿದ್ದೆ. ಅವನು ಕಣ್ಣಿಗೆ ಬೆಳಕು ಬಿಟ್ಟು ನೋಡಿದ, ಮತ್ತೆ ನೋಡಿದ. ಆಮೇಲೆ ಕೇಳಿದ ಪ್ರಶ್ನೆ ಕಣ್ಣಿನದ್ದಲ್ಲ, ಕಿವಿಯದ್ದು. ಕಿವಿಯಲ್ಲಿ ಏನಾದರೂ ಸದ್ದು ಕೇಳುತ್ತದೆಯೇ ಎಂದ. ಚೈತ್ರ, ಪಲ್ಪರ್ ಓಡಿದ ಹಾಗೆ, ಎದೆಬಡಿತದ ಜೊತೆಜೊತೆಗೇ ಕೇಳುತ್ತದೆ, ಯಾವಾಗಲೂ ಇರುತ್ತದೆ ಎಂದಳು. ಅವತ್ತು ಬೆಳಿಗ್ಗೆ ನಾನು ನಕ್ಕುಬಿಟ್ಟದ್ದು ಇದೇ ಸದ್ದಿಗೆ.

ಡಾಕ್ಟರು ಬಿಡಿಸಿ ಹೇಳಿದ. ಮಿದುಳಿನ ಸುತ್ತ ನೀರು ಇರುತ್ತದಂತೆ, ಎಲ್ಲರಿಗೂ ಇರುತ್ತದಂತೆ. ಅದರ ಒತ್ತಡ ಇವಳಿಗೆ ವಿಪರೀತ ಏರಿದೆ, ಕಣ್ಣಿನ ಹಿಂದಿನ ನರ ಊದಿಕೊಂಡಿದೆ. ಕಾರಣ ತಿಳಿಯಲು ಸ್ಕ್ಯಾನ್ ಆಗಬೇಕು. ಮನೆಗೆ ಹೋಗಿ ಬಟ್ಟೆಬರೆ ತೆಗೆದುಕೊಂಡು ನಾಳೆ ಮಂಗಳೂರಿಗೆ ಹೋಗುತ್ತೇವೆ ಎಂದೆ. ಆ ಹುಡುಗ ಎದ್ದು ನಿಂತು, "ಮನೆಗೆ ಹೋಗ್ಬೇಡಿ ಅಮ್ಮ. ಇಲ್ಲಿಂದ್ಲೇ ಹೋಗಿ" ಎಂದ. ನಮ್ಮೆದುರೇ ಮಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿ, ಒಂದು ಕಾಗದ ಬರೆದು ಕೊಟ್ಟ. ಮೀಸೆ ನೋಡಿ ಅಳೆದಿದ್ದಕ್ಕೆ ತಪ್ಪಾಯಿತೆಂದು ಆ ಹುಡುಗನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಹಾಗೆ ಉಟ್ಟ ಸೀರೆಯಲ್ಲೇ ಬಣಕಲ್, ಕೊಟ್ಟಿಗೆಹಾರ ದಾಟಿ ಘಾಟಿ ಇಳಿದೆವು. ಚಾರ್ಮಾಡಿಯ ಒಂದೊಂದು ತಿರುವಿಗೂ ಚೈತ್ರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಪ್ರದೀಪ ನಿಲ್ಲಿಸಿದಲ್ಲೆಲ್ಲ ವಾಂತಿ. ಆದರೂ ಅವಳ ಬಾಯಿಯಿಂದ ಅಯ್ಯೋ ಎನ್ನುವ ಒಂದು ಶಬ್ದ ಬರಲಿಲ್ಲ. ಇಂಥವಳನ್ನು ನಾನು ನೆವ ಹೇಳುವವಳು ಎಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗದಂಥ ಸ್ಕ್ಯಾನ್, ಬಣ್ಣದ ಮದ್ದು ಚುಚ್ಚುವುದಿಲ್ಲ ಎಂದು ಮೊದಲೇ ಹೇಳಿದರು. ಗಡ್ಡೆ ಇಲ್ಲ, ರಕ್ತ ಹೆಪ್ಪುಗಟ್ಟಿಲ್ಲ ಎನ್ನುವವರೆಗೆ ನಾನು ಎಷ್ಟು ದೇವರಿಗೆ ಹರಕೆ ಹೇಳಿಕೊಂಡೆ ಎಂದು ಈಗ ಲೆಕ್ಕವಿಲ್ಲ. ಬೆನ್ನಿಗೆ ಸೂಜಿ ಹಾಕಿ ನೀರಿನ ಒತ್ತಡ ಅಳೆದರು. ಇರಬೇಕಾದದ್ದಕ್ಕಿಂತ ಬಹಳ ಜಾಸ್ತಿ. ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಹೀಗಾಗುತ್ತದೆ, ಯಾಕೆ ಎಂದು ಪೂರ್ತಿ ಗೊತ್ತಿಲ್ಲ, ಯಾರ ತಪ್ಪೂ ಅಲ್ಲ ಎಂದರು. ಸ್ವಲ್ಪ ನೀರು ತೆಗೆದಾಗ ತಲೆನೋವು ಇಳಿಯಿತು. ಮಾತ್ರೆ ಶುರು ಮಾಡಿದರು. ಎರಡು ದಿನಕ್ಕೆ ನೋವು ಮತ್ತೆ ಬಂತು, ಮತ್ತೆ ನೀರು ತೆಗೆದರು, ಮತ್ತೆ ಬಂತು. ಅಷ್ಟರಲ್ಲಿ ಬಲಗಣ್ಣೂ ಮಂಜಾಗತೊಡಗಿತು.

ಐದನೇ ದಿನ ಬೆಳಿಗ್ಗೆ ಮಿದುಳಿನ ಆಪರೇಷನ್ ಮಾಡುವ ಡಾಕ್ಟರಮ್ಮ ಬಂದರು. ಸಣ್ಣ ಆಳು, ಕಾಲಲ್ಲಿ ಹವಾಯಿ ಚಪ್ಪಲಿ, ಘಾಟಿ ಕೆಳಗಿನ ಕನ್ನಡ. ಇನ್ನು ಮಾತ್ರೆ ಸಾಲದು, ಆಪರೇಷನ್ ಬೇಕು ಎಂದರು. ಕಿವಿಯ ಹಿಂದೆ ತಲೆಬುರುಡೆಗೆ ಒಂದು ಸಣ್ಣ ತೂತು. ಅಲ್ಲಿಂದ ಒಂದು ತೆಳು ಟ್ಯೂಬು, ಕುತ್ತಿಗೆ, ಎದೆಯ ಚರ್ಮದ ಕೆಳಗೇ ಇಳಿದು ಹೊಟ್ಟೆಗೆ. ಜಾಸ್ತಿಯಾದ ನೀರು ಅದರಲ್ಲಿ ಇಳಿದು ಬರುತ್ತದೆ.

ಹೊಟ್ಟೆಗೆ ಎಂದದ್ದೇ ನಾನು ಕೂತಲ್ಲಿಂದ ಎದ್ದೆ. ಮಗು ಇರುವ ಹೊಟ್ಟೆಗೆ ತಲೆಯ ನೀರು ಬಿಡುವುದೇ? ಸಾಲದ್ದಕ್ಕೆ ತಲೆಗೂದಲು ತೆಗೆಯಬೇಕು. ಬಸುರಿಯ ತಲೆಗೆ ಕತ್ತಿ, ಕತ್ತರಿ ತಾಗಿಸಬಾರದು ಎನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಅವಳಿಗಷ್ಟೇ ಅಲ್ಲ, ಗಂಡನೂ ಕ್ಷೌರ ಮಾಡಿಸುವಂತಿಲ್ಲ. ನನ್ನ ಮಗ ಸಿಹಿಸುದ್ದಿ ಗೊತ್ತಾದ ದಿನದಿಂದಲೇ ಗಡ್ಡ ಬಿಟ್ಟು, ಆಸ್ಪತ್ರೆಯ ಬಾಗಿಲಲ್ಲಿ ವಾಚ್‌ಮನ್ ಕೈಯಲ್ಲಿ "ಸ್ವಾಮಿ, ಯಾವಾಗ ಮಲೆಗೆ?" ಎಂದು ಕೇಳಿಸಿಕೊಂಡಿದ್ದ. ಅಂಥ ಮನೆಯ ಸೊಸೆಯ ತಲೆ ಬೋಳಿಸಿದರೆ ಹೇಗೆ?

ಅಷ್ಟರಲ್ಲಿ ಕಳಸದಿಂದ ಚೈತ್ರಳ ತಾಯಿಯೂ ಬಂದಿದ್ದರು. ನಾನೂ ಬೀಗಿತ್ತಿಯೂ ಮದುವೆಯ ದಿನದಿಂದ ಯಾವ ವಿಷಯದಲ್ಲೂ ಒಂದೇ ಮಾತು ಆಡಿದವರಲ್ಲ. ಅವತ್ತು ಮಾತ್ರ ಇಬ್ಬರದ್ದೂ ಒಂದೇ ಮಾತು, ಹೆರಿಗೆ ಆಗುವವರೆಗೆ ಬೇಡ ಎಂದು. ಅಷ್ಟು ಕಾಯಲು ಆಗುವುದಿಲ್ಲ ಎಂದರು ಡಾಕ್ಟರಮ್ಮ. ಹಾಗಾದರೆ ನಾಲ್ಕು ದಿನ ಬಿಡಿ, ಅಮಾವಾಸ್ಯೆಯಾದರೂ ಕಳೆಯಲಿ ಎಂದೆ.

ಡಾಕ್ಟರಮ್ಮ ಚೈತ್ರಳ ಕಡೆ ತಿರುಗಿ ನೀವೇನು ಹೇಳುತ್ತೀರಿ ಎಂದು ಕೇಳಿದರು. ಅವಳಿಗೇನು ಗೊತ್ತಾಗುತ್ತದೆ, ಇನ್ನೂ ಚಿಕ್ಕವಳು ಎಂದು ನಾನು ಶುರು ಮಾಡಿದೆ. ಅವರು ಸ್ವರ ಏರಿಸದೆ, "ಅಮ್ಮ, ನಾನು ಕೇಳಿದ್ದು ಅವರನ್ನ" ಎಂದರು. ಮೂವತ್ತು ವರ್ಷದಲ್ಲಿ ನನ್ನ ಮಾತನ್ನು ಯಾರೂ ಹಾಗೆ ನಡುವಲ್ಲಿ ನಿಲ್ಲಿಸಿರಲಿಲ್ಲ. ಮುಖ ಕೆಂಪಗಾಯಿತು. ಆದರೆ ಚೈತ್ರ ಅಪ್ಪಣೆಗೆ ಕಾದವಳಂತೆ ನನ್ನ ಕಡೆ ನೋಡುತ್ತಿದ್ದಳು.

ಆಗ ಆ ಡಾಕ್ಟರಮ್ಮ ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನನ್ನೊಂದಿಗೆ ವಾದಕ್ಕೆ ಇಳಿಯಲಿಲ್ಲ. ನನ್ನ ಕೈ ಹಿಡಿದು ಮಂಚದ ಪಕ್ಕಕ್ಕೆ ಕರೆದುಕೊಂಡು ಹೋದರು. ಚೈತ್ರಳಿಗೆ ನೇರ ಮುಂದಿನ ಗೋಡೆಯನ್ನೇ ನೋಡಲು ಹೇಳಿ, ಬಲಗಣ್ಣು ಮುಚ್ಚಿಸಿದರು. ನನ್ನ ಬೆರಳನ್ನು ಅವಳ ಎಡಕಿವಿಯ ಹತ್ತಿರದಿಂದ ಮೆಲ್ಲಗೆ ಮುಂದೆ ತರಬೇಕು, ಕಂಡ ಕೂಡಲೇ ಅವಳು ಹೇಳಬೇಕು. ನಾನು ಬೆರಳು ತಂದೆ. ಕಿವಿ ದಾಟಿತು, ಕೆನ್ನೆ ದಾಟಿತು. ಅವಳು ಸುಮ್ಮನಿದ್ದಳು. ಗಮನಿಸಲಿಲ್ಲವೇನೋ ಎಂದು ಬೆರಳು ಅಲ್ಲಾಡಿಸಿದೆ. ಬೆರಳು ಮೂಗಿನ ನೇರಕ್ಕೆ ಬರುವ ಹೊತ್ತಿಗೆ, "ಹಾಂ, ಈಗ ಕಾಣ್ತು" ಎಂದಳು. ಬಲಗಣ್ಣಿಗೂ ಮಾಡಿಸಿದರು. ಅದು ಎಡದಷ್ಟು ಕೆಟ್ಟಿರಲಿಲ್ಲ, ಆದರೆ ಅದೇ ದಾರಿ ಹಿಡಿದಿತ್ತು.

"ಮೊನ್ನೆ ಇಷ್ಟು ಕೆಟ್ಟಿರ್ಲಿಲ್ಲ ಅಮ್ಮ, ದೃಷ್ಟಿ ದಿನಾ ಕಮ್ಮಿ ಆಗ್ತಾ ಉಂಟು" ಎಂದರು ಡಾಕ್ಟರಮ್ಮ. "ಮಗು ಆರಾಮ ಉಂಟು, ಅದು ಕಾಯ್ತದೆ. ಕಣ್ಣು ಕಾಯುದಿಲ್ಲ. ಒಮ್ಮೆ ಹೋದ್ರೆ ನಾನಲ್ಲ, ಯಾರೂ ತಂದು ಕೊಡ್ಲಿಕ್ಕೆ ಆಗುದಿಲ್ಲ."

ನನ್ನ ಬೆರಳು ಇನ್ನೂ ಅವಳ ಮುಖದ ಎದುರೇ ಇತ್ತು. ಅಮಾವಾಸ್ಯೆಯ ಮಾತು ಬಾಯಿಂದ ಬರಲಿಲ್ಲ.

ಚೈತ್ರ ಆಗ ಮಾತಾಡಿದಳು. ಮಗುವಿಗೆ ಏನಾಗುತ್ತದೆ ಎಂದು ಕೇಳಿದಳು. ಡಾಕ್ಟರಮ್ಮ ಮಂಚದ ಮೇಲೆಯೇ ಕೂತು, ಒಂದು ಹಾಳೆಯ ಹಿಂದೆ ಚಿತ್ರ ಬರೆದು ಹೇಳಿದರು. ಕೆರೆ ತುಂಬಿದರೆ ಕೋಡಿಯಲ್ಲಿ ನೀರು ಹೊರಗೆ ಹೋಗುವ ಹಾಗೆ, ಈ ಟ್ಯೂಬು ಇವಳ ತಲೆಗೊಂದು ಕೋಡಿ. ಅದಕ್ಕೆ ವಾಲ್ವ್ ಇದೆ, ಹೆಚ್ಚಾದಾಗ ಮಾತ್ರ ಬಿಡುತ್ತದೆ. ಮಗು ಇರುವುದು ಗರ್ಭಕೋಶದ ಒಳಗೆ, ಟ್ಯೂಬಿನ ತುದಿ ಇರುವುದು ಅದರ ಹೊರಗೆ. ಆ ನೀರು ವಿಷವಲ್ಲ, ಮೈಯೇ ಮಾಡಿದ ನೀರು, ಮೈಯೇ ಹೀರಿಕೊಳ್ಳುತ್ತದೆ. ಅರಿವಳಿಕೆ ಕೊಡುವಾಗ ಎಚ್ಚರ ಬೇಕು, ಟ್ಯೂಬು ಮುಂದೊಂದು ದಿನ ಕಟ್ಟಿಕೊಳ್ಳಬಹುದು, ನಂಜಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. "ಅಪಾಯವೇ ಇಲ್ಲ ಅಂತ ಸುಳ್ಳು ಹೇಳುದಿಲ್ಲ. ಹೆರಿಗೆ ಡಾಕ್ಟರು, ಕಣ್ಣಿನ ಡಾಕ್ಟರು, ಅರಿವಳಿಕೆ ಡಾಕ್ಟರು, ನಾನು, ನಾಲ್ಕೂ ಜನ ಕೂತು ಮಾತಾಡಿ ಆಗಿದೆ. ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ರೂ ಇದೇ ಮಾಡ್ತಿದ್ದೆ."

ಚೈತ್ರ ಆ ಹಾಳೆಯನ್ನು ಕೈಗೆ ತೆಗೆದುಕೊಂಡಳು. "ಮಾಡಿ ಡಾಕ್ಟ್ರೇ. ನಂಗೆ ಮಗುವಿನ ಮುಖ ನೋಡ್ಬೇಕು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಕೂದಲು ಮತ್ತೆ ಬರ್ತದೆ ಅತ್ತೆ" ಎಂದಳು. ಇಪ್ಪತ್ತಾರು ವರ್ಷದ ಹುಡುಗಿ, ತಲೆಗೆ ತೂತು ಕೊರೆಯಲು ತಾನೇ ಒಪ್ಪಿಗೆ ಕೊಟ್ಟು, ಮೇಲಿಂದ ನನಗೆ ಸಮಾಧಾನ ಹೇಳುತ್ತಾಳೆ. ನನಗೆ ಅಳು ತಡೆಯಲಾಗಲಿಲ್ಲ. ಬೀಗಿತ್ತಿಯೂ ಅತ್ತರು. ಪ್ರದೀಪ ಎಲ್ಲಿ ಸಹಿ ಹಾಕಬೇಕೆಂದು ಎರಡು ಸಲ ಕೇಳಿದ, ಚೈತ್ರಳ ಸಹಿ ಮಾತ್ರ ಸೊಟ್ಟಗಾದರೂ ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ಏಳೂವರೆಗೆ ಒಳಗೆ ಕರೆದುಕೊಂಡು ಹೋದರು. ಹೋಗುವ ಮೊದಲು ಹೆರಿಗೆ ಡಾಕ್ಟರು ಮಗುವಿನ ಎದೆಬಡಿತವನ್ನು ಒಂದು ಸಣ್ಣ ಯಂತ್ರದಲ್ಲಿ ನಮಗೂ ಕೇಳಿಸಿದರು. ಕುದುರೆ ಓಡಿದ ಹಾಗೆ ಟಕಟಕ ಎನ್ನುತ್ತಿತ್ತು. ಹೊರಗೆ ಬೆಂಚಿನ ಮೇಲೆ ನಾನು, ಬೀಗಿತ್ತಿ, ಪ್ರದೀಪ. ತೋಟದಲ್ಲಿ ಹಣ್ಣು ಉದುರುತ್ತಿದೆ, ಕುಯ್ಯುವವರು ಸಿಗುತ್ತಿಲ್ಲ ಎಂದು ನಮ್ಮ ಯಜಮಾನರು ಫೋನ್ ಮಾಡಿದರು. ಉದುರಿದರೆ ಉದುರಲಿ ಎಂದು ಫೋನ್ ಇಟ್ಟೆ. ನನ್ನ ಬಾಯಲ್ಲಿ ಆ ಮಾತು ಕೇಳಿ ಅವರು ಅಲ್ಲಿ ಹೆದರಿಯೇ ಹೋದರಂತೆ.

ಹತ್ತೂವರೆಗೆ ಡಾಕ್ಟರಮ್ಮ ಹೊರಗೆ ಬಂದರು. ಎಲ್ಲ ಚೆನ್ನಾಗಿ ಆಯಿತು, ಮಗುವಿನ ಎದೆಬಡಿತ ಮೊದಲಿದ್ದ ಹಾಗೇ ಇದೆ ಎಂದರು. ನಾನು ಕಾಲಿಗೆ ಬೀಳಲು ಹೋದೆ. ಅವರು ಹಿಂದೆ ಸರಿದು, "ಎಂತ ಅಮ್ಮ ಇದು, ನಂಗೆ ಮೊದ್ಲು ಚಾ ಕುಡಿಯುವ ಅಂತ ಉಂಟು" ಎಂದು ನಕ್ಕರು. ಬೆಳಿಗ್ಗೆಯಿಂದ ಒಂದು ಲೋಟ ಚಹಾ ಕುಡಿಯದ ಹೆಣ್ಣುಮಗಳು.

ಮಧ್ಯಾಹ್ನ ಚೈತ್ರಳನ್ನು ನೋಡಲು ಬಿಟ್ಟರು. ತಲೆ ಪೂರ್ತಿ ಬೋಳಾಗಿರುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಕಿವಿಯ ಹಿಂದೆ ಅಂಗೈ ಅಗಲದ ಪಟ್ಟಿ. ಅಷ್ಟೇ. ಉಳಿದ ಕೂದಲೆಲ್ಲ ಹಾಗೇ ಇತ್ತು. ನೀಟಾಗಿ ಬಾಚಿ, ಒಂದು ಎಳೆ ಹೊರಗೆ ಬಾರದಂತೆ ಜಡೆ ಹೆಣೆದು ಒಂದು ಕಡೆಗೆ ಹಾಕಿದ್ದರು. ಯಾರು ಹೆಣೆದದ್ದು ಎಂದು ನರ್ಸನ್ನು ಕೇಳಿದೆ. ಮೇಡಮ್ಮೇ ಹೆಣೆದದ್ದು, ಆಪರೇಷನ್ನಿಗೆ ಮೊದಲು, ಕೂದಲು ಹೆಚ್ಚು ತೆಗೆಯಬಾರದು ಎಂದು ಹೇಳಿ ತಾವೇ ಕೂತು ಹೆಣೆದರು ಎಂದಳು ಆಕೆ. ನಾನು ಅವರ ಎದುರು ಕೂದಲ ವಿಷಯಕ್ಕೆ ಎಷ್ಟು ರಂಪ ಮಾಡಿದ್ದೆ! ಅದನ್ನು ದಡ್ಡ ಮುದುಕಿಯ ಮಾತು ಎಂದು ತಳ್ಳಿಹಾಕಬಹುದಿತ್ತು. ತಳ್ಳಿಹಾಕಲಿಲ್ಲ. ತಲೆಬುರುಡೆ ಕೊರೆಯುವ ಕೈ ಅದಕ್ಕೂ ಮೊದಲು ನನ್ನ ಸೊಸೆಯ ಜಡೆ ಹೆಣೆದಿತ್ತು. ಓದು ಅಂದರೆ ಇದು ಅನ್ನಿಸಿತು ನನಗೆ.

ಚೈತ್ರಳಿಗೆ ಎಚ್ಚರವಾಗಿತ್ತು. ಏನನ್ನೋ ಆಲಿಸಿ ನೋಡಿ, "ಅತ್ತೆ, ನಿಂತೋಯ್ತು" ಎಂದಳು. ಕಿವಿಯೊಳಗಿನ ಸದ್ದು ನಿಂತಿತ್ತು. ತಲೆನೋವು ಅದರ ಜೊತೆಗೇ ಹೋಯಿತು. ಅವತ್ತು ಅವಳು ತಿಂಗಳ ಮೇಲೆ ಮೊದಲ ಸಲ ತಲೆ ದಿಂಬಿಗಿಟ್ಟು ಮಲಗಿ ನಿದ್ದೆ ಮಾಡಿದಳು. ನಾನು ಪಕ್ಕದಲ್ಲಿ ಕೂತು ಅದನ್ನು ನೋಡುತ್ತಾ ಊಟ ಮಾಡುವುದನ್ನೇ ಮರೆತೆ.

ಕಣ್ಣು ನಿಧಾನವಾಗಿ ತಿಳಿಯಾಯಿತು. ಬಲಗಣ್ಣು ಹೆಚ್ಚುಕಡಿಮೆ ಮೊದಲಿನ ಹಾಗೆ ಆಯಿತು. ಎಡಗಣ್ಣಿನಲ್ಲಿ ನಡುವಿನದ್ದು ಉಳಿಯಿತು, ಬದಿಯದ್ದು ಹೋದದ್ದು ಹೋಯಿತು. ಹತ್ತು ದಿನ ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತೋ ಏನೋ. ನಾನು ಕೇಳಿದೆ. ಡಾಕ್ಟರಮ್ಮ, ಉಳಿದದ್ದನ್ನು ನೋಡಿ ಅಮ್ಮ ಎಂದರು. ನನ್ನನ್ನು ನೋಯಿಸಬಾರದು ಎಂದು ಹಾಗೆ ಹೇಳಿದರು ಎನ್ನುವುದು ನನಗೆ ಗೊತ್ತಿದೆ.

ಊರಿಗೆ ಬಂದು ಕೆಲವು ತಿಂಗಳು ಕಳೆದ ಮೇಲೆ, ಹೆರಿಗೆಗೆಂದು ಘಾಟಿಯಲ್ಲಿ ಮಳೆ ಹಿಡಿಯುವ ಮೊದಲೇ ಮತ್ತೆ ಇಳಿದು, ಮಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಹದಿನೈದು ದಿನ ಇದ್ದು, ಅದೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಸಹಜ ಹೆರಿಗೆ, ಹೆಣ್ಣು ಮಗು. ಟ್ಯೂಬು ಅದರ ಪಾಡಿಗೆ ಅದು ಇತ್ತು. ಈಗ ಮೊಮ್ಮಗಳಿಗೆ ಎರಡೂವರೆ ವರ್ಷ, ಬಾಯಿ ಥೇಟ್ ನನ್ನದೇ. ಚೈತ್ರ ವರ್ಷಕ್ಕೆರಡು ಸಲ ತಪಾಸಣೆಗೆ ಹೋಗಿ ಬರುತ್ತಾಳೆ. ತೋಟದ ಕೆಲಸಕ್ಕೂ ನಿಲ್ಲುತ್ತಾಳೆ. ತಲೆ ಭಾರ ಎಂದು ಅವಳು ಒಂದು ಮಾತು ಹೇಳಿದರೆ ಸಾಕು, ಕೈಯಲ್ಲಿ ಏನಿದ್ದರೂ ಕೆಳಗಿಟ್ಟು ಓಡುತ್ತೇನೆ. ಏನಿಲ್ಲ ಅತ್ತೆ, ಬಿಸಿಲಿಗೆ ಬಂದದ್ದು ಎಂದು ಅವಳೇ ನನ್ನನ್ನು ಗದರುತ್ತಾಳೆ.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ಮೊಮ್ಮಗಳಿಗೆ ಏನೇ ಸಿಗಲಿ, ಹೂವು, ಹುಳ, ಕಲ್ಲು, ಅಮ್ಮನಿಗೆ ತೋರಿಸಬೇಕು. ಅಮ್ಮನ ಎಡಗಡೆಯಿಂದ ಓಡಿ ಬಂದರೂ ಹಿಂದಿನಿಂದ ಸುತ್ತು ಹಾಕಿ ಬಲಗಡೆಗೆ ಹೋಗಿ ನಿಂತು, ಅಲ್ಲಿಂದ ಕೈ ಚಾಚಿ ತೋರಿಸುತ್ತದೆ. ಯಾರೂ ಹೇಳಿಕೊಟ್ಟಿಲ್ಲ. ಅಮ್ಮ ಎಲ್ಲಿಂದ ನೋಡುತ್ತಾಳೆ ಎಂದು ಅದೇ ಕಂಡುಕೊಂಡಿದೆ. ಆ ಡಾಕ್ಟರಮ್ಮ ನನ್ನ ಕೈ ಹಿಡಿದು ಮಂಚದ ಹತ್ತಿರ ಕರೆದುಕೊಂಡು ಹೋಗದೆ, ನಾಲ್ಕು ದಿನ ಎಂಬ ನನ್ನ ಹಠಕ್ಕೆ ಒಪ್ಪಿಬಿಟ್ಟಿದ್ದರೆ, ಆ ಮಗುವಿಗೆ ಹೋಗಿ ನಿಲ್ಲಲು ಯಾವ ಕಡೆಯೂ ಇರುತ್ತಿರಲಿಲ್ಲ.